ಮಾಡಿದ್ದನ್ನು ಬಲ್ಲವರು

ವರ್ಷಗಟ್ಟಲೆ ಕಾಯಿಲೆಯೊಂದಿಗೆ ಬದುಕುವವರಿಗೆ ನಮ್ಮಲ್ಲಿ ಹೇಳುವ ಸಮಾಧಾನ ಹೆಚ್ಚುಕಡಿಮೆ ಒಂದೇ: ನಿಮಗಿಂತ ಕಷ್ಟದಲ್ಲಿರುವವರನ್ನು ನೋಡಿ, ದೇವರು ಇಷ್ಟಾದರೂ ಉಳಿಸಿದ್ದಾನಲ್ಲ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಈ ಮಾತು ನನ್ನ ನೆಮ್ಮದಿಯನ್ನು ಇನ್ನೊಬ್ಬರ ಹೆಚ್ಚಿನ ನೋವಿನ ಮೇಲೆ ನಿಲ್ಲಿಸುತ್ತದೆ. ತನಗಿಂತ ಕಷ್ಟದಲ್ಲಿರುವವರು ಕಣ್ಣಿಗೇ ಬೀಳದವರಿಗೆ ಅದು ಏನನ್ನೂ ಕೊಡಲಾರದು. ಕೃತಜ್ಞತೆ ಎಂಬ ನಮ್ಮ ಪದವೇ ಬೇರೆ ದಾರಿ ತೋರಿಸುತ್ತದೆ. ಕೃತ ಎಂದರೆ ಮಾಡಿದ್ದು, ಜ್ಞ ಎಂದರೆ ಬಲ್ಲವನು. ಪಾಲಿಯ ಕತಞ್ಞುತಾ ಕೂಡ ಇದೇ ಅರ್ಥದ್ದು. ಮಾಡಿದ್ದನ್ನು ಬಲ್ಲವನು ಕೃತಜ್ಞ, ಮಾಡಿದ್ದನ್ನು ಕೊಲ್ಲುವವನು ಕೃತಘ್ನ. ಪದದೊಳಗೆ ಸಂತೋಷದ ಸುಳಿವಿಲ್ಲ, ನಗುಮುಖದ ಷರತ್ತೂ ಇಲ್ಲ. ಕೃತಜ್ಞತೆಯನ್ನು ಬರಿಯ ಭಾವವೆಂದು ತಿಳಿದಿದ್ದರಿಂದಲೇ ಕಾಯಿಲೆಯವರ ಮೇಲೆ ಅದನ್ನು ಹೇರುವಂತಾಯಿತು. ಅರಿವೆಂದು ತಿಳಿದರೆ ಅದು ನೋವು, ಸಿಟ್ಟುಗಳ ಪಕ್ಕದಲ್ಲೇ ನಿಲ್ಲಬಲ್ಲದು ಎಂಬುದು ನನ್ನ ವಾದ.

ಡಯಾಲಿಸಿಸ್ ಮೇಲೆ ಬದುಕುವವರನ್ನೇ ನೋಡೋಣ. ಆರೋಗ್ಯವಂತರ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಒಂದೂವರೆ ಲೀಟರಿನಷ್ಟು ಮೂತ್ರವಾಗಿ ಹೋಗಿ, ಉಳಿದದ್ದೆಲ್ಲ ರಕ್ತಕ್ಕೆ ಮರಳುತ್ತದೆ. ದೇಹದ ಒಡೆಯನಿಗೇ ಗೊತ್ತಾಗದ ಕೆಲಸ ಅದು. ಅದು ನಿಂತ ಮೇಲೆ ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾಕ್ಕೆ ಎರಡು ದಪ್ಪ ಸೂಜಿ ಚುಚ್ಚಿಸಿಕೊಂಡು ಮಲಗಬೇಕು. ಒಂದೊಂದು ಸಲಕ್ಕೂ ಸುಮಾರು 120 ಲೀಟರ್ ಶುದ್ಧ ನೀರು ಯಂತ್ರದೊಳಗೆ ಹರಿಯುತ್ತದೆ. ಅದರ ಪಕ್ಕದಲ್ಲಿ ಮಲಗಿದವರು ಮಾತ್ರ ದಿನದ ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತಾರೆ. ರೋಗಿಯನ್ನು ನೋಡಲು ಹೋಗುವವರು ಒಯ್ಯುವ ಎಳನೀರು, ಬಾಳೆಹಣ್ಣುಗಳೇ ಪೊಟ್ಯಾಸಿಯಂನಿಂದಾಗಿ ಇವರಿಗೆ ಅಪಾಯ. ಇಂಥ ಬದುಕಿನಲ್ಲಿ ‘ಕೃತ’ ಯಾವುದು? 1943ರಲ್ಲಿ, ಜರ್ಮನ್ ಸೇನೆಯ ವಶದಲ್ಲಿದ್ದ ನೆದರ್ಲೆಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ, ವಿಲೆಮ್ ಕೋಲ್ಫ್ ಎಂಬ ವೈದ್ಯರು ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯಿಂದ ರಕ್ತ ಸೋಸುವ ಯಂತ್ರ ಕಟ್ಟಿದರು. ಮೊದಮೊದಲು ಅದಕ್ಕೆ ಒಡ್ಡಿಕೊಂಡವರಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಮಹಿಳೆ ಬದುಕಿದರು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಲಗಿರುವವರ ಒಂದೊಂದು ದಿನದಲ್ಲೂ, ಉಳಿಯದೆ ಹೋದ ಆ ಅಪರಿಚಿತರ ಪಾಲಿದೆ. ಕೊಳವೆ ತೊಳೆದು ಜೋಡಿಸುವ ಟೆಕ್ನಿಷಿಯನ್ನರ ಪಾಲಿದೆ. ತರಕಾರಿ ಬೇಯಿಸಿ, ಬಸ್ಸಾರಿಗೆ ಆಗಬೇಕಿದ್ದ ಕಟ್ಟನ್ನು ಚೆಲ್ಲಿ, ಉಪ್ಪು ಕಡಿಮೆ ಹಾಕಿ ಬೇರೆಯೇ ಪಾತ್ರೆಯಲ್ಲಿ ಅಡುಗೆ ಮಾಡುವ ಮನೆಯವರ ಪಾಲಿದೆ. ಆರೋಗ್ಯವಂತರ ದಿನವೂ ಹೀಗೆಯೇ ನೂರು ಕೈಗಳಿಂದ ಆಗಿರುತ್ತದೆ. ಕಾಯಿಲೆಯವರಿಗೆ ಅದು ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಕಾಯಿಲೆಯೇ ಒಂದು ವರವಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಅಲ್ಲ. ಅಮೆರಿಕದ ಲೇಖಕಿ ಬಾರ್ಬರಾ ಎರೆನ್‌ರೈಕ್ ಸ್ತನ ಕ್ಯಾನ್ಸರ್ ಬಂದಾಗ ತಮ್ಮ ಸುತ್ತ ಕೇಳಿಬಂದ ಇಂಥ ಮಾತನ್ನೇ ಪ್ರತಿಭಟಿಸಿ 2009ರಲ್ಲಿ ಒಂದು ಪುಸ್ತಕ ಬರೆದರು. ಅವರ ಸಿಟ್ಟು ನ್ಯಾಯವಾದದ್ದು. ಕೃತಜ್ಞತೆ ಸಲ್ಲುವುದು ಮಾಡಿದವರಿಗೆ. ಕಾಯಿಲೆ ಯಾರಿಗೂ ಏನನ್ನೂ ಮಾಡಿಕೊಟ್ಟಿಲ್ಲ, ಕಿತ್ತುಕೊಂಡಿದೆ. ಇದರ ಮಗ್ಗುಲಲ್ಲೇ ಇರುವ ಇನ್ನೊಂದು ಮಾತು ನಮ್ಮ ಮನೆಗಳಲ್ಲಿ ಹೆಚ್ಚು ಕೇಳುತ್ತದೆ: ಪೂರ್ವಜನ್ಮದ ಕರ್ಮ ಕಳೆಯುತ್ತಿದೆ, ಸಂತೋಷಪಡು ಎಂಬುದು. ಬೌದ್ಧರ ಪಾಲಿ ಗ್ರಂಥ ಸಂಯುತ್ತ ನಿಕಾಯದಲ್ಲಿ ಮೋಳಿಯ ಸೀವಕ ಎಂಬ ಪರಿವ್ರಾಜಕ ಬುದ್ಧನನ್ನು ಈ ಬಗ್ಗೆಯೇ ಕೇಳುತ್ತಾನೆ. ಪಿತ್ತ, ಕಫ, ವಾತ, ಋತುವಿನ ಏರುಪೇರು ಇವುಗಳಿಂದಲೂ ನೋವು ಹುಟ್ಟುತ್ತದೆ. ಎಲ್ಲವೂ ಹಿಂದಿನ ಕರ್ಮದಿಂದಲೇ ಎನ್ನುವವರು ಸತ್ಯವನ್ನು ಮೀರಿ ಹೋಗುತ್ತಾರೆ ಎಂಬುದು ಅಲ್ಲಿ ಬುದ್ಧನ ಉತ್ತರದ ಸಾರ. ಕರ್ಮವನ್ನು ಒಪ್ಪಿದ ಗುರುವೇ ಎಳೆದ ಗೆರೆ ಇದು. ಹಾಸಿಗೆ ಹಿಡಿದವರ ಮೇಲೆ ಅಪರಾಧದ ಹೊರೆಯನ್ನೂ ಹೊರಿಸುವವರು ಇದನ್ನು ನೆನಪಿಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಸಿಕ್ಕಿದ್ದಕ್ಕೆ ಕೈಮುಗಿಯಲು ಕಲಿತವರು ಸಿಗದಿದ್ದನ್ನು ಕೇಳುವುದನ್ನೇ ಬಿಡುತ್ತಾರೆ, ಬಡ ರೋಗಿಗಳ ಬಾಯಿ ಮುಚ್ಚಿಸಲು ಇದೇ ಸುಲಭದ ಉಪಾಯ ಎಂಬುದು. ಹಾಗೆ ಆಗಿರುವುದೂ ಉಂಟು. ಆದರೆ ಡಯಾಲಿಸಿಸ್‌ನ ಚರಿತ್ರೆ ಬೇರೆ ಸಂಗತಿಯನ್ನೂ ಹೇಳುತ್ತದೆ. 1960ರ ದಶಕದ ಆರಂಭದಲ್ಲಿ ಸಿಯಾಟಲ್ ನಗರದಲ್ಲಿ ಯಂತ್ರಗಳು ಕೆಲವೇ ಇದ್ದವು. ಯಾರನ್ನು ಬದುಕಿಸಬೇಕೆಂದು ಊರಿನ ನಾಗರಿಕರ ಒಂದು ಸಮಿತಿ ಕೂತು ಆರಿಸುತ್ತಿತ್ತು. 1971ರಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ಅಮೆರಿಕದ ಸಂಸತ್ತಿನ ಸಮಿತಿಯೆದುರು ಡಯಾಲಿಸಿಸ್ ಯಂತ್ರಕ್ಕೆ ತನ್ನನ್ನು ಜೋಡಿಸಿಕೊಂಡೇ ಅಹವಾಲು ಹೇಳಿದರು. ಮರುವರ್ಷವೇ ಈ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಹೊರುವ ಕಾನೂನು ಬಂತು. ಯಂತ್ರದಿಂದಲೇ ಬದುಕಿದ್ದೇನೆಂಬ ಅರಿವು ಅವರ ಬಾಯಿ ಕಟ್ಟಲಿಲ್ಲ; ಅದು ಎಲ್ಲರಿಗೂ ಸಿಗಬೇಕೆಂದು ಕೇಳುವ ಬಲವನ್ನೇ ಕೊಟ್ಟಿತು. ಏನು ಮಾಡಲಾಗಿದೆ ಎಂದು ಸರಿಯಾಗಿ ಬಲ್ಲವರಿಗೆ ಏನು ಮಾಡಿಲ್ಲ ಎಂಬುದೂ ಗೊತ್ತಿರುತ್ತದೆ.

ಕೃತಜ್ಞತೆಯಿಂದ ಆರೋಗ್ಯ ಸುಧಾರಿಸುತ್ತದೆ ಎಂಬ ಮಾತಿಗೆ ನಾನು ಹೆಚ್ಚು ತೂಕ ಕೊಡಲಾರೆ. 2003ರಲ್ಲಿ ಎಮ್ಮನ್ಸ್ ಮತ್ತು ಮೆಕಲೋ ಎಂಬ ಮನಶ್ಶಾಸ್ತ್ರಜ್ಞರು ನರಸ್ನಾಯು ಕಾಯಿಲೆಯವರಿಂದ 21 ದಿನ ಉಪಕಾರಗಳನ್ನು ಬರೆಯಿಸಿದಾಗ ಅವರ ಮನಸ್ಸೂ ನಿದ್ರೆಯೂ ಸುಧಾರಿಸಿದ್ದು ನಿಜ. ಒಳ್ಳೆಯದೇ. ಆದರೆ ಕೃತಜ್ಞತೆ ಗುಣಕ್ಕಾಗಿ ನುಂಗುವ ಮಾತ್ರೆಯಾದರೆ, ಗುಣವಾಗದ ದಿನ ಅದನ್ನು ಎಸೆಯಬೇಕಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಋಣದ ಪ್ರಶ್ನೆ. ಪಡೆಯುತ್ತಲೇ ಇರುವವರಿಗೆ ಈ ಅರಿವು ಭಾರವಾಗದೇ? ಮನೆಯವರಿಗೆ ಹೊರೆಯಾದೆ ಎಂದು ದೀರ್ಘ ಕಾಯಿಲೆಯವರು ಹೇಳುವುದು ಇದನ್ನೇ. ತೈತ್ತಿರೀಯ ಸಂಹಿತೆ ಬ್ರಾಹ್ಮಣ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ ಎನ್ನುತ್ತದೆ. ಆ ಲೆಕ್ಕವನ್ನು ಎಲ್ಲರಿಗೂ ಹಿಗ್ಗಿಸಿದರೆ ಆರೈಕೆ ಮಾಡುವವರೂ ಸಾಲಗಾರರೇ. ಬೌದ್ಧ ಭಿಕ್ಷುಗಳ ನಿಯಮಗ್ರಂಥ ವಿನಯಪಿಟಕದ ಒಂದು ಪ್ರಸಂಗ ಇನ್ನೂ ಮುಂದೆ ಹೋಗುತ್ತದೆ. ಅತಿಸಾರದಿಂದ ನರಳುತ್ತ ತನ್ನ ಹೊಲಸಿನಲ್ಲೇ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಕಾಣುತ್ತಾನೆ. ಯಾರೂ ಯಾಕೆ ನೋಡಿಕೊಳ್ಳುತ್ತಿಲ್ಲ ಎಂದು ಕೇಳಿದರೆ, ನನ್ನಿಂದ ಅವರಿಗೆ ಏನೂ ಉಪಯೋಗವಿಲ್ಲ ಎನ್ನುತ್ತಾನೆ ಆ ಭಿಕ್ಷು. ಬುದ್ಧ ನೀರು ಹೊಯ್ಯುತ್ತಾನೆ, ಶಿಷ್ಯ ಆನಂದ ತೊಳೆಯುತ್ತಾನೆ. ಒಬ್ಬ ತಲೆಯ ಕಡೆ, ಒಬ್ಬ ಕಾಲಿನ ಕಡೆ ಹಿಡಿದು ಅವನನ್ನು ಮಂಚದ ಮೇಲೆ ಮಲಗಿಸುತ್ತಾರೆ. ಅವನು ಕೃತಜ್ಞತೆ ಹೇಳಿದನೇ ಎಂಬುದನ್ನು ಕಥೆ ಬರೆದಿಡಲಿಲ್ಲ.