ಕೊಡುವವನ ಲಜ್ಜೆ

ಗಣೇಶಗುಡಿಯಿಂದ ಗೋವೆಯ ಗಡಿಯತ್ತ ಸಾಗಿದರೆ ಸಿಗುವ ರಾಮನಗರದಲ್ಲಿ, ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ, ಬಡ ಕುಟುಂಬಗಳಿಗೆ ಕಂಬಳಿ ಹಂಚಲು ಹೊರಟ ಗೆಳೆಯರ ಸಂಗಡ ನಾನೂ ಹೋಗಿದ್ದೆನು. ಸಾಲಿನಲ್ಲಿದ್ದ ಮುದುಕಿಯೊಬ್ಬಳು ಸೆರಗೊಡ್ಡಿ ಕಂಬಳಿಯನ್ನು ಸ್ವೀಕರಿಸಿದಳು. ಛಾಯಾಚಿತ್ರವು ಸರಿಯಾಗಿ ಮೂಡಲಿಲ್ಲವೆಂದು ಅದನ್ನು ಅವಳಿಂದ ಹಿಂದಕ್ಕೆ ಪಡೆದು, ಪುನಃ ಕೊಡಲಾಯಿತು. ಎರಡನೆಯ ಬಾರಿ ಅವಳು ಸೆರಗೊಡ್ಡಲಿಲ್ಲ. ನೆಲವನ್ನು ನೋಡುತ್ತ ಒಂದು ಕೈಯನ್ನು ಮಾತ್ರ ಚಾಚಿದಳು. ಕೊಟ್ಟ ಕೈಗಳಲ್ಲಿ ನನ್ನದೂ ಒಂದಿತ್ತು.

ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿದ ಶಿಷ್ಯನಿಗೆ ಆಚಾರ್ಯನು ದಾನದ ವಿಧಿಯನ್ನು ತಿಳಿಸುವಾಗ, ಶ್ರದ್ಧೆಯೊಡನೆ ಲಜ್ಜೆಯನ್ನೂ ಭಯವನ್ನೂ ಹೇಳುತ್ತಾನೆ. ಶ್ರದ್ಧೆ ಸರಿ, ಕೊಡುವವನಿಗೆ ಲಜ್ಜೆಯೇಕೆ? ಕೊಟ್ಟದ್ದು ಅಲ್ಪವಾಯಿತೆಂಬ ಸಂಕೋಚವೇ ಅದೆಂದು ಅರ್ಥಮಾಡುವುದುಂಟು. ಅದು ತಪ್ಪಲ್ಲ, ಆದರೆ ಇಲ್ಲಿಯ ಕಾಳೀನದಿಯ ತೀರದಲ್ಲಿ ನಿಂತವನಿಗೆ ಆ ಅರ್ಥವು ಸಾಲದು.

ಗಣೇಶಗುಡಿಯಲ್ಲಿ ಕಾಳಿಗೆ ಅಡ್ಡಲಾಗಿ ಎದ್ದಿರುವ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿಂದೆ, ಪಾಂಡರಿ ನದಿಯು ಕಾಳಿಯನ್ನು ಕೂಡುತ್ತಿದ್ದ ಎಡೆಯಲ್ಲಿ, ಒಂದು ಕಾಲಕ್ಕೆ ತಾಲ್ಲೂಕಿನ ಕೇಂದ್ರವೇ ಆಗಿದ್ದ ಸೂಪಾ ಪೇಟೆಯೂ ಸುತ್ತಣ ಹಳ್ಳಿಗಳೂ ಮುಳುಗಿಹೋದುವು. ಕಚೇರಿಗಳು ಜೋಯಿಡಾಕ್ಕೆ ಹೋದುವು. ನೆಲೆ ಕಳೆದುಕೊಂಡವರಲ್ಲಿ ಅನೇಕರು ರಾಮನಗರಕ್ಕೆ ಬಂದರು. ಅದೇ ನೀರು ಸೂಪಾದಲ್ಲಿ ಒಮ್ಮೆ, ಕೆಳಗೆ ನಾಗಝರಿಯಲ್ಲಿ ಮತ್ತೊಮ್ಮೆ, ಕೊಡಸಳ್ಳಿ, ಕದ್ರಾಗಳಲ್ಲಿ ಮತ್ತೆ ಮತ್ತೆ ವಿದ್ಯುತ್ತಾಗಿ ನಾಡಿಗೆಲ್ಲ ಹರಿಯುತ್ತದೆ. ನಾನು ರಾತ್ರಿ ಉಪನಿಷತ್ತನ್ನು ಓದುವ ದೀಪಕ್ಕೂ ಅದರ ಪಾಲುಂಟು. ಹಾಗಿರುವಾಗ ಆ ಮುದುಕಿಯ ಮುಂದೆ ನಾನು ದಾನಿಯೆಂದು ನಿಲ್ಲುವುದೆಂತು? ಸಾಲಗಾರನು ಬಡ್ಡಿಯ ಒಂದು ಕಾಸನ್ನು ತಂದುಕೊಟ್ಟು ದಾನಿಯೆನ್ನಿಸಿಕೊಳ್ಳಲು ನಾಚಬೇಕಾದಷ್ಟೇ ನಾನೂ ನಾಚಬೇಕು. ಋಣವಾದರೆ ಸರ್ಕಾರವು ತೀರಿಸಲಿ, ಪರಿಹಾರವು ಸಂದಿದೆಯಲ್ಲ ಎನ್ನುವವರಿದ್ದಾರೆ. ಪರಿಹಾರದಿಂದ ಲೆಕ್ಕ ತೀರೀತು, ಸಂಬಂಧ ತೀರದು.

ಇದೇ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿ ಚನ್ನಬಸವಣ್ಣನವರ ಸಮಾಧಿಯಿದೆ. ಮಾಘದ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಹೂಡಿಕೊಂಡು ಬರುವ ರೈತರು ಅಡವಿಯ ದಾರಿಯುದ್ದಕ್ಕೂ ಒಲೆ ಹೂಡಿ ಉಣ್ಣುತ್ತಾರೆ, ಉಣಬಡಿಸುತ್ತಾರೆ. ಶರಣರು ದಾನವೆಂಬ ಮಾತನ್ನು ಬದಿಗಿಟ್ಟು ದಾಸೋಹವೆಂದರು: ನೀಡುವವನೇ ದಾಸನು, ಉಣ್ಣುವವನು ಒಡೆಯನು. ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ ಎಂಬ ಲೋಕರೂಢಿಯನ್ನು ಅವರು ಬುಡಮೇಲು ಮಾಡಿದರು. ಉಪನಿಷತ್ತಿನ ಲಜ್ಜೆಗೆ ಒಂದು ನಡೆ ದೊರೆತದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ಆದುದರಿಂದ ಈ ಸೀಮೆಯಲ್ಲಿ ದುಡಿಯುವ ಸೇವಾಸಂಸ್ಥೆಗಳನ್ನು ಕಂಡಾಗ ಅವು ಎಷ್ಟು ಹಂಚಿದುವೆಂದು ನಾನು ಕೇಳುವುದಿಲ್ಲ. ಎಲ್ಲಿ ಕುಳಿತು ಹಂಚಿದುವೆಂದು ನೋಡುತ್ತೇನೆ. ಮುಂಡಗೋಡಿನ ಲೊಯೊಲಾ ವಿಕಾಸ ಕೇಂದ್ರದವರು ಸಿದ್ದಿ, ಗೌಳಿ ಕುಟುಂಬಗಳ ನಡುವೆಯೇ ನೆಲೆನಿಂತು ದುಡಿದವರು. ಜೋಯಿಡಾದ ಗೆಡ್ಡೆಗೆಣಸಿನ ಮೇಳದಲ್ಲಂತೂ ಕುಣಬಿ ಹೆಂಗಸರು ತಾವು ಬೆಳೆದ ಗೆಡ್ಡೆಗಳನ್ನು ರಾಶಿಹಾಕಿಕೊಂಡು ಕುಳಿತಿರುತ್ತಾರೆ. ನಿಂತು, ಬಾಗಿ, ಬೆಲೆ ಕೇಳಬೇಕಾದವರು ನಾವು. ಅವರು ಬೇಯಿಸುವ ಬಗೆಯನ್ನೂ ಹೇಳಿಕೊಡುತ್ತಾರೆ.

ಮರುವರ್ಷ ನಾನೊಬ್ಬನೇ ರಾಮನಗರಕ್ಕೆ ಹೋದೆನು. ಆ ಕಂಬಳಿಯು ಬೇಲಿಯ ಮೇಲೆ ಒಣಗುತ್ತಿತ್ತು. ಗುರುತು ಹಿಡಿದಳೋ ಇಲ್ಲವೋ, ಅಜ್ಜಿ ಜಗಲಿಯಲ್ಲಿ ಚಾಪೆ ಹಾಸಿದಳು. “ನಿಮ್ಮ ಮನೆ ಎಲ್ಲಿತ್ತಮ್ಮಾ?” ಎಂದೆನು. ಕೊಂಕಣಿ ಬೆರೆತ ಕನ್ನಡದಲ್ಲಿ ಅವಳು ಹೊಳೆದಂಡೆಯ ಗದ್ದೆಯಿಂದ ಮೊದಲುಮಾಡಿ, ಬಾವಿ, ಹಲಸಿನ ಮರ, ದೇವರ ಕಲ್ಲು ಎಂದು ಒಂದೊಂದನ್ನೇ ಹೇಳುತ್ತ ಬಂದಳು. ಸಂಜೆಯಾಗುವವರೆಗೂ ಕೇಳುತ್ತ ಕುಳಿತೆನು.