ಕೀಳುವ ಕೈ

ಮಕ್ಕಳು ಸಸಿಗಳು, ಶಾಲೆ ತೋಟ, ಉಪಾಧ್ಯಾಯನು ತೋಟಗಾರ: ಈ ಉಪಮಾನವನ್ನು ಕೇಳದೆ ಅಧ್ಯಾಪಕ ತರಬೇತಿಯನ್ನು ಮುಗಿಸಿದವರು ನಮ್ಮಲ್ಲಿ ಯಾರೂ ಇರಲಾರರು. ಜರ್ಮನಿಯ ಫ್ರೋಬೆಲ್ ಮಹಾಶಯನು 1840ರಲ್ಲಿ ತನ್ನ ಶಿಶುಶಾಲೆಗೆ 'ಮಕ್ಕಳ ತೋಟ' ಎಂಬ ಅರ್ಥದ ಹೆಸರನ್ನಿಟ್ಟಂದಿನಿಂದ ಆ ಮಾತು ಲೋಕವನ್ನೆಲ್ಲ ಸುತ್ತಿ ನಮ್ಮ ಟಿಪ್ಪಣಿ ಪುಸ್ತಕಗಳಿಗೂ ಬಂದು ಸೇರಿತು. ನಾವೂ ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದವರೇ. ಆದರೆ ಹಾಗೆ ಬರೆದ ದಿನ ನಾವು ಒಂದು ಹರಿವೆಯ ಬೀಜವನ್ನಾದರೂ ಮಣ್ಣಿಗೆ ಹಾಕಿದವರಾಗಿರಲಿಲ್ಲ. ಕಳೆದ ವರ್ಷ ಮೊದಲ ಬಾರಿಗೆ ಹಿತ್ತಿಲಿನಲ್ಲಿ ಒಂದಿಷ್ಟು ತರಕಾರಿ, ಒಂದಿಷ್ಟು ಹೂವು ಬೆಳೆಸಿದ ಮೇಲೆ ಆ ಉಪಮಾನವು ನಮ್ಮ ಬಾಯಿಗೆ ಮೊದಲಿನಷ್ಟು ಸಲೀಸಾಗಿ ಬರುತ್ತಿಲ್ಲ. ಏಕೆಂಬುದನ್ನು ಸಹೋದ್ಯೋಗಿಗಳ ಮುಂದೆ, ಓದಬಲ್ಲ ವಿದ್ಯಾರ್ಥಿಗಳ ಮುಂದೆಯೂ, ಇಡಬೇಕೆನಿಸಿದೆ.

ನಮ್ಮ ಕಾಸರಗೋಡಿನ ಕಡೆ ಹಿತ್ತಿಲೆಂದರೆ ಬಹುಮಟ್ಟಿಗೆ ಮುರಕಲ್ಲಿನ ಮೇಲೆ ಹಾಸಿದ ತೆಳ್ಳನೆಯ ಮಣ್ಣು. ಒಂದು ಗೇಣು ಅಗೆಯುವಷ್ಟರಲ್ಲಿ ಹಾರೆಯು ಕಲ್ಲಿಗೆ ತಗಲಿ ಠಣ್ಣೆನ್ನುತ್ತದೆ. ಜೂನ್ ತಿಂಗಳಿನಿಂದ ಸುರಿಯುವ ಮಳೆಯು ಮಣ್ಣಿನ ಸಾರವನ್ನೆಲ್ಲ ತೊಳೆದೊಯ್ದು ಅದನ್ನು ಹುಳಿಯಾಗಿಸಿ ಬಿಟ್ಟಿರುತ್ತದೆ. ಆದುದರಿಂದಲೇ ನಮ್ಮ ಹಿರಿಯರು ತರಗೆಲೆ ಕಸಕಡ್ಡಿಗಳ ಮೇಲೆ ಮಣ್ಣು ಮುಚ್ಚಿ ಸುಟ್ಟು 'ಸುಡುಮಣ್ಣು' ಮಾಡುತ್ತಿದ್ದರು; ಒಲೆಯ ಬೂದಿಯನ್ನು ಬಿಸಾಡುತ್ತಿರಲಿಲ್ಲ. ನಾವು ಮಳೆ ನಿಂತ ಮೇಲೆ ಅಕ್ಟೋಬರದ ಕೊನೆಯಲ್ಲಿ ಆರಡಿ ಉದ್ದ, ಮೂರಡಿ ಅಗಲದ ಮೂರು ಏರುಮಡಿಗಳನ್ನು ಕಟ್ಟಿ, ಸುಡುಮಣ್ಣನ್ನೂ ಹಳೆಯ ಹಟ್ಟಿಗೊಬ್ಬರವನ್ನೂ ಬೆರೆಸಿದೆವು. ಒಂದರಲ್ಲಿ ಬೆಂಡೆ, ಒಂದರಲ್ಲಿ ಕೆಂಪು ಹರಿವೆ, ಬೇಲಿಯ ಬದಿಯ ಮಡಿಯಲ್ಲಿ ಚೆಂಡುಹೂವು. ಬಾವಿಯ ಕಟ್ಟೆಯ ಬಳಿ ಬಸಳೆಯ ಎರಡು ತುಂಡು ಬಳ್ಳಿಗಳನ್ನು ಊರಿ ಚಪ್ಪರ ಹಾಕಿದೆವು. ಶಾಲೆಯ ಕೆಲಸದ ನಡುವೆ ಇದಕ್ಕೆಲ್ಲ ಸಮಯವೆಲ್ಲಿ ಎಂದು ಕೇಳುವವರುಂಟು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕೃಷಿಕರೂ ಆಗಿದ್ದರು, ತಮ್ಮ ಆತ್ಮಕಥೆಗೆ 'ದುಡಿತವೇ ನನ್ನ ದೇವರು' ಎಂದು ಹೆಸರಿಟ್ಟರು. ಅವರ ಮುಂದೆ ನಮ್ಮ ಮೂರು ಮಡಿಗಳ ಮಾತು ಸಾಕು.

ಬೆಂಡೆಯ ಬೀಜಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ, ಒಂದೂವರೆ ಅಡಿಗೊಂದರಂತೆ ಗುಣಿ ಮಾಡಿ, ಗುಣಿಗೆ ಮೂರು ಮೂರು ಊರಿದೆವು. ಎಲ್ಲ ಬೀಜಗಳೂ ಮೊಳೆಯುವುದಿಲ್ಲವೆಂಬುದು ತಿಳಿದವರ ಮಾತು. ನಮ್ಮ ಅದೃಷ್ಟವೋ ದುರದೃಷ್ಟವೋ, ಆರನೆಯ ದಿನಕ್ಕೆ ಹೆಚ್ಚುಕಡಿಮೆ ಎಲ್ಲವೂ ತಲೆಯೆತ್ತಿದವು. ಹತ್ತು ದಿನಗಳ ಬಳಿಕ ನೆರೆಯ ಹಿರಿಯ ಕೃಷಿಕರೊಬ್ಬರು ಬಂದು ನೋಡಿ, "ಒಂದನ್ನು ಉಳಿಸಿ ಉಳಿದವನ್ನು ಕೀಳಿ, ಇಲ್ಲವಾದರೆ ಒಂದೂ ಕಾಯಿ ಬಿಡಲಾರದು" ಎಂದರು. ನಾವು ಕುಳಿತು ಕೀಳತೊಡಗಿದೆವು. ನೀರು ಹಾಯಿಸಲು ಬರುತ್ತಿದ್ದ ನಮ್ಮ ತರಗತಿಯ ಬಾಲಿಕೆಯೊಬ್ಬಳು ಸ್ವಲ್ಪ ಹೊತ್ತು ನೋಡುತ್ತಿದ್ದು, "ಇದು ಏನು ತಪ್ಪು ಮಾಡಿತು?" ಎಂದು ಕೇಳಿದಳು.

ಅದು ಯಾವ ತಪ್ಪನ್ನೂ ಮಾಡಿರಲಿಲ್ಲ. ಅದರ ಪಕ್ಕದ್ದು ಅರ್ಧ ಅಂಗುಲ ಎತ್ತರವಾಗಿತ್ತು, ಅಷ್ಟೆ. ಕೆಲವು ಗುಣಿಗಳಲ್ಲಂತೂ ಮೂರೂ ಸಮನಾಗಿದ್ದವು. ಅಲ್ಲಿ ನಮ್ಮ ಬೆರಳಿಗೆ ಮೊದಲು ಸಿಕ್ಕಿದ್ದು ಹೋಯಿತು.

ಹರಿವೆಯ ವಿಷಯದಲ್ಲಿ ಇಷ್ಟು ತೊಡಕಿಲ್ಲ. ಆ ಸಣ್ಣ ಬೀಜವನ್ನು ಮರಳಿನೊಡನೆ ಬೆರೆಸಿ ಚೆಲ್ಲಿದರೂ ಅದು ದಟ್ಟವಾಗಿಯೇ ಏಳುತ್ತದೆ. ಕಿತ್ತ ಎಳೆಯ ಸಸಿಗಳು ಅಂದಿನ ಸಾರಿಗೆ ಬೀಳುತ್ತವೆ. ಕಳೆಯ ವಿಷಯ ಬೇರೆ. ಮಡಿಯಲ್ಲೆದ್ದ ಗರಿಕೆಯನ್ನು ಬೆಳಿಗ್ಗೆ ಬೇರುಸಹಿತ ಕಿತ್ತೆಸೆದೆವು. ಅದೇ ಗರಿಕೆಯನ್ನು ಚೌತಿಯ ದಿನ ಗಣಪತಿಗೆಂದು ಹುಡುಕಿಕೊಂಡು ಹೋಗುವವರೂ ನಾವೇ. ತುಂಬೆಯನ್ನು ಕಿತ್ತೆವು, ಶಿವನಿಗೆ ಅದರ ಹೂವು ಬೇಕು. ಹಾಗಾದರೆ ಕಳೆಯೆಂಬುದು ಗಿಡದ ಜಾತಿಯಲ್ಲ, ಆ ಹೊತ್ತಿನ ನಮ್ಮ ಪ್ರಯೋಜನಕ್ಕೆ ನಾವೇ ಇಟ್ಟುಕೊಂಡ ಹೆಸರು. ತೋಟ ಮಾಡುವವನು ಮೊದಲು ನೆಡುವವನು, ಎರಡನೆಯ ವಾರದಿಂದ ಕೀಳುವವನು. ಪುಸ್ತಕಗಳಲ್ಲಿ ನೆಡುವವನ ಚಿತ್ರವೇ ಇರುತ್ತದೆ.

ಹುಳುವಿನ ವಿಷಯಕ್ಕೆ ಬಂದಾಗ ನಾವು ಇನ್ನಷ್ಟು ಸಿಕ್ಕಿಬಿದ್ದೆವು. ಚಿಟ್ಟೆಗಳು ಬರಲಿ, ಮಕ್ಕಳು ನೋಡಲಿ ಎಂದು ಚೆಂಡುಹೂವನ್ನು ಹಾಕಿದ್ದೆವು. ಚಿಟ್ಟೆಗಳು ಬಂದವು. ಬಳಿಕ ಬಾವಿಯ ಬಳಿಯ ಕರಿಬೇವಿನ ಗಿಡದಲ್ಲಿ, ಹಕ್ಕಿಯ ಹಿಕ್ಕೆಯಂತೆ ಕಾಣುವ ಸಣ್ಣ ಹುಳುಗಳು ಕಾಣಿಸಿಕೊಂಡವು. ಬೆಳೆದಂತೆ ಹಸುರು ಬಣ್ಣಕ್ಕೆ ತಿರುಗಿ ಚಿಗುರನ್ನೆಲ್ಲ ಮುಗಿಸಿದವು. ಅವು ಆ ಚಿಟ್ಟೆಗಳ ಮರಿಗಳೇ. ಹೂವಿನ ಮೇಲೆ ಕುಳಿತ ತಾಯಿಯನ್ನು ಮಕ್ಕಳಿಗೆ ತೋರಿಸಿ, ಎಲೆಯ ಮೇಲಿನ ಮರಿಯನ್ನು ಕೋಲಿನಿಂದ ಕೆಡವುವ ಉಪಾಧ್ಯಾಯನ ಪಾಠ ಯಾವುದು?

ಜೈನಧರ್ಮದವರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಕೊಲ್ಲಬೇಕೆಂದೇ ಮಾಡುವ ಸಂಕಲ್ಪೀ, ಅಡುಗೆ ಮೊದಲಾದ ಮನೆಗೆಲಸಗಳಲ್ಲಿ ಆಗುವ ಆರಂಭೀ, ಕೃಷಿ ಮೊದಲಾದ ಜೀವನೋಪಾಯಗಳಲ್ಲಿ ಆಗುವ ಉದ್ಯೋಗೀ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧೀ. ಗೃಹಸ್ಥನು ಮೊದಲನೆಯದನ್ನು ಬಿಡಲೇಬೇಕು, ಉಳಿದವನ್ನು ಎಚ್ಚರದಿಂದ ಕಡಿಮೆ ಮಾಡಬೇಕು. ವಿವೇಕದ ವಿಂಗಡಣೆ. ಆದರೆ ತಿಂಗಳಿಗೆ ಸಂಬಳ ಬರುವ ನಮ್ಮ ಈ ಹವ್ಯಾಸದ ತೋಟ ಯಾವುದಕ್ಕೆ ಸೇರೀತು? ಅದು ನಮ್ಮ ಜೀವನೋಪಾಯವಲ್ಲ. ಬೆಂಡೆಯು ಪೇಟೆಯಲ್ಲಿ ದೊರೆಯುತ್ತದೆ. ಕೊಳ್ಳುವುದೇ ಅಹಿಂಸೆಯಲ್ಲವೆ ಎಂದು ಒಂದೆರಡು ದಿನ ನಾವೇ ಯೋಚಿಸಿದೆವು. ಇಲ್ಲ. ಪೇಟೆಯ ಬೆಂಡೆಯ ಪಕ್ಕದ ಸಸಿಗಳನ್ನೂ ಯಾರೋ ಕಿತ್ತಿದ್ದಾರೆ, ಅದರ ಹುಳುವನ್ನೂ ಯಾರೋ ಕೊಂದಿದ್ದಾರೆ. ಕೊಳ್ಳುವ ಕೈ ಶುದ್ಧವಾಗಿರುವುದಲ್ಲ, ದೂರದಲ್ಲಿರುವುದು.

ದೂರವೆಂಬುದು ಏನು ಮಾಡಬಲ್ಲುದೆಂಬುದನ್ನು ಈ ನೆಲದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗೇರಿನ ಚಿಗುರಿನ ರಸ ಹೀರುವ ಚಹಾ ಸೊಳ್ಳೆಯೆಂಬ ಒಂದು ಕೀಟವನ್ನು ತೆಗೆಯಬೇಕೆಂದು, 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಕಾಸರಗೋಡಿನ ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಎಣ್ಮಕಜೆಯಂತಹ ಊರುಗಳಲ್ಲಿ ಹುಟ್ಟಿದ ಮಕ್ಕಳ ಸ್ಥಿತಿಯನ್ನು ಕಂಡವರು ಅದನ್ನು ಮರೆಯಲಾರರು. ದೇಶಕ್ಕೆಲ್ಲ ಅನ್ವಯಿಸುವ ನಿಷೇಧವನ್ನು ಸರ್ವೋಚ್ಚ ನ್ಯಾಯಾಲಯವು ವಿಧಿಸಿದ್ದು 2011ರಲ್ಲಿ. ಆ ಮದ್ದನ್ನು ಸುರಿದವರು ದುಷ್ಟರಾಗಿದ್ದರೆಂದು ನಾವು ಹೇಳುತ್ತಿಲ್ಲ. ಅವರಿಗೂ ಕೀಳಬೇಕಾದುದು ಒಂದು ಹುಳುವೇ ಆಗಿತ್ತು. ಆದರೆ ಅಷ್ಟು ಎತ್ತರದಿಂದ ಕೆಳಗಿನ ಬಾವಿ ಕಾಣದು, ಬಾವಿಯ ಬಳಿ ನಿಂತವರೂ ಕಾಣರು. ಅಂದಿನಿಂದ ನಾವು ಕರಿಬೇವಿನ ಗಿಡದ ಬಳಿಗೆ ಬರಿಗೈಯಲ್ಲೇ ಹೋಗುವುದೆಂದು ಮಾಡಿಕೊಂಡೆವು. ಬೆಳಿಗ್ಗೆ ಎಲೆಗಳ ಮೇಲೆ ಒಂದಿಷ್ಟು ಬೂದಿ. ಹುಳುಗಳನ್ನು ಎಲೆಸಹಿತ ಎತ್ತಿ ಬೇಲಿಯಾಚೆಯ ಕಾಡುನಿಂಬೆಯ ಪೊದೆಗೆ. ಎಷ್ಟು ಬದುಕಿದವೆಂದು ಎಣಿಸಿಲ್ಲ. ಬೆಂಡೆಯ ಕಾಯಿಕೊರಕನನ್ನು ಮಾತ್ರ ಕೊಲ್ಲುತ್ತೇವೆ, ಕಾಯಿಯನ್ನು ಸೀಳಿ, ಕಣ್ಣಾರೆ ನೋಡಿ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಆ ಬಾಲಿಕೆಯ ಪ್ರಶ್ನೆ ನಮ್ಮನ್ನು ಚುಚ್ಚಿದುದಕ್ಕೆ ಬೆಂಡೆಯ ಸಸಿಯೊಂದೇ ಕಾರಣವಲ್ಲ. ಮೂರು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಹತ್ತೊಂಬತ್ತು ಮಕ್ಕಳಿದ್ದರು. ಶಾಲೆಗೆ ಮೌಲ್ಯಮಾಪನಕ್ಕೆಂದು ಮೇಲಿನವರು ಬರುವ ದಿನ ಗೊತ್ತಾಗಿತ್ತು. ಇಬ್ಬರು ಹುಡುಗರಿಗೆ ಒತ್ತಕ್ಷರಗಳಿನ್ನೂ ಕೂಡಿರಲಿಲ್ಲ. ಅವರಿಬ್ಬರೂ ಮನೆಯಲ್ಲಿ ತುಳುವನ್ನಾಡುವವರು. ಶಾಲೆಯ ಹೊರಗೆ ಕಾಣುವ ಬರೆಹವೆಲ್ಲ ಬಹುತೇಕ ಮಲೆಯಾಳ. ಉಳಿದ ಹದಿನೇಳು ಮಕ್ಕಳನ್ನು ಸಿದ್ಧಪಡಿಸುವ ಆತುರದಲ್ಲಿ ನಾವು ಆ ಇಬ್ಬರಿಗೆ ಹಿಂದಿನ ಬೆಂಚು, ಒಂದು ಬಣ್ಣದ ಪೆಟ್ಟಿಗೆ, ಒಂದಿಷ್ಟು ಕಾಗದ ಕೊಟ್ಟೆವು. ಒಂದೂವರೆ ತಿಂಗಳು. ಗದರಲಿಲ್ಲ, ಹೊಡೆಯಲಿಲ್ಲ, ಹಾಜರಿಯಲ್ಲಿ ಅವರ ಹೆಸರು ದಿನವೂ ಇತ್ತು. ಮೌಲ್ಯಮಾಪನ ಚೆನ್ನಾಗಿ ನಡೆಯಿತು. ಮುಂದಿನ ಜೂನ್‌ನಲ್ಲಿ ಅವರಲ್ಲೊಬ್ಬನ ತಂದೆ ವರ್ಗಾವಣೆ ಪತ್ರ ಕೇಳಲು ಬಂದರು. "ಇಲ್ಲಿ ಅವನಿಗೆ ಚಿತ್ರ ಬಿಡಿಸುವುದು ಚೆನ್ನಾಗಿ ಬಂತು" ಎಂದರು. ಅದರಲ್ಲಿ ವ್ಯಂಗ್ಯವಿತ್ತೋ ಇಲ್ಲವೋ ನಮಗೆ ಇಂದಿಗೂ ತಿಳಿಯದು.

ಗಡಿನಾಡಿನ ಕನ್ನಡ ಶಾಲೆಗಳಿಂದ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ನಾವು ಸಭೆಗಳಲ್ಲಿ ಹೇಳುತ್ತೇವೆ. 1956ರ ಗಡಿಯನ್ನು, ಆದೇಶಗಳನ್ನು ಕಾರಣವೆನ್ನುತ್ತೇವೆ. ಅದು ಸುಳ್ಳಲ್ಲ. ಆದರೆ ಆ ಒಬ್ಬನನ್ನು ಕಿತ್ತ ಕೈ ಯಾವುದೆಂಬುದು ನಮಗೆ ಗೊತ್ತು.

ಆದುದರಿಂದ ಹೇಳುವುದಿಷ್ಟೆ: ಮೂರು ಬೆಂಡೆಗಳಿಗೆ ಒಂದೇ ಗುಣಿಯ ನೆಲ ಸಾಲದು, ಆ ಅಭಾವ ನಿಜ. ತೋಟಗಾರನಿಗೆ ಬೇಕಾದುದು ಕಾಯಿ; ಒಂದು ಗಿಡ ಹೋದರೆ ಇನ್ನೊಂದು ಕೊಟ್ಟೀತು. ಹತ್ತೊಂಬತ್ತು ಮಕ್ಕಳಿಗೆ ಒಬ್ಬ ಉಪಾಧ್ಯಾಯನ ಹೊತ್ತು ಸಾಲದೆಂಬುದೂ ಹಲವೊಮ್ಮೆ ನಿಜ. ಆದರೆ ಒಬ್ಬನ ಕಲಿಕೆಯನ್ನು ಇನ್ನೊಬ್ಬನು ಅವನ ಬದಲಿಗೆ ಕಲಿಯಲಾರ. ಅಲ್ಲಿ ಉಪಮಾನ ಮುರಿಯುತ್ತದೆ. ಫ್ರೋಬೆಲ್‌ನ ಶಾಲೆಯಲ್ಲಿ ಪ್ರತಿಯೊಂದು ಮಗುವಿಗೂ ತನ್ನದೇ ಆದ ಸಣ್ಣ ಮಡಿಯೊಂದು ಇರುತ್ತಿತ್ತಂತೆ. ನಾವು ಆ ಹೆಸರಿನಿಂದ ಮಕ್ಕಳೇ ಸಸಿಗಳೆಂಬ ಅರ್ಥವನ್ನಷ್ಟೇ ಎತ್ತಿಕೊಂಡೆವು; ಮಕ್ಕಳೇ ತೋಟಗಾರರೆಂಬ ಇನ್ನೊಂದು ಅರ್ಥ ಟಿಪ್ಪಣಿ ಪುಸ್ತಕದಲ್ಲಿರಲಿಲ್ಲ.

ಆ ದಿನ ಬಾಲಿಕೆಯು ನಾವು ಕಿತ್ತುದನ್ನೆಲ್ಲ, ಚೆಂಡುಹೂವಿನ ಹೆಚ್ಚಿನ ಸಸಿಗಳನ್ನೂ ಸೇರಿಸಿ, ಒಂದು ಅಡಿಕೆಯ ಹಾಳೆಯಲ್ಲಿ ಹಾಕಿಕೊಂಡು ಮನೆಗೆ ಒಯ್ದಳು. ಬೆಂಡೆಯ ತಾಯಿಬೇರು ಕಿತ್ತ ಮೇಲೆ ಸುಲಭವಾಗಿ ಹಿಡಿಯದೆಂದು ನಾವು ಹೇಳಿದೆವು, ಅವಳು ಕೇಳಲಿಲ್ಲ. ವಾರದ ಬಳಿಕ ಬಂದು, ಬೆಂಡೆ ಎಲ್ಲವೂ ಒಣಗಿತು, ಚೆಂಡುಹೂವು ಹನ್ನೊಂದು ಹಿಡಿದಿದೆ ಎಂದು ಲೆಕ್ಕ ಒಪ್ಪಿಸಿದಳು. ಜನವರಿಯಲ್ಲಿ ಅವಳ ಅಂಗಳದ ಹೂವು ಶಾಲೆಯ ಮೇಜಿನ ಮೇಲಿತ್ತು, ನಮ್ಮದಕ್ಕಿಂತ ದೊಡ್ಡದಾಗಿತ್ತು.

ಈ ವರ್ಷ ಮಳೆ ಬಿಟ್ಟ ಮೇಲೆ ಮತ್ತೆ ಮಡಿ ಕಟ್ಟಿದ್ದೇವೆ. ಗುಣಿಗೆ ಎರಡೆರಡೇ ಬೀಜ ಊರಿದ್ದೇವೆ. ನಿನ್ನೆ ನೋಡಿದಾಗ ಮೊದಲ ಸಾಲಿನಲ್ಲಿ ಎರಡೂ ಮೊಳೆತಿದ್ದವು.