ಯೂಸ್ತನ ಹೆಸರು ಯಾಕೆ ಬರೆದಿಟ್ಟರು?

ಅಪೊಸ್ತಲರ ಕೃತ್ಯಗಳು 1ನೇ ಅಧ್ಯಾಯ ತೆಗೀರಿ, 15ರಿಂದ 26ನೇ ವಚನ. ಮೊಬೈಲಲ್ಲಿ ಓದೋರು ದಯವಿಟ್ಟು ವಾಟ್ಸ್ಯಾಪ್ ಕಡೆ ಹೋಗಬೇಡಿ.

ನಮ್ಮ ಯೂತ್ ಲೀಡರ್ ಆಯ್ಕೆ ಬಗ್ಗೆ ಈ ವಾರ ಎರಡು ಮಾತು ಕಿವಿಗೆ ಬಿತ್ತು. "ಯಾರ್ಯಾರ ಹೆಸರು ನೋಡ್ತಿದ್ದೀರಿ ಅಂತ ಸಭೆಗೆ ಹೇಳಿ ಪಾಸ್ಟರ್" ಅಂತ ಕೆಲವರು. "ಬೇಡ, ಆಯ್ಕೆ ಆಗದವರಿಗೆ ಅವಮಾನ ಆಗುತ್ತೆ" ಅಂತ ಇನ್ನು ಕೆಲವರು. ಎರಡನೇ ಮಾತಲ್ಲೂ ಪ್ರೀತಿ ಇದೆ, ನಾನು ಅದನ್ನ ತಳ್ಳಿಹಾಕಲ್ಲ.

ಈಗ ವಾಕ್ಯಕ್ಕೆ ಬನ್ನಿ. ಯೂದನ ಸ್ಥಾನ ಖಾಲಿ. ಸುಮಾರು 120 ಜನ ಕೂಡಿದ್ದಾರೆ. ಪೇತ್ರ ಮೊದಲು ಯೋಗ್ಯತೆ ಹೇಳ್ತಾನೆ: ಯೋಹಾನನ ದೀಕ್ಷಾಸ್ನಾನದ ಕಾಲದಿಂದ ಯೇಸು ಮೇಲಕ್ಕೆ ಎತ್ತಲ್ಪಟ್ಟ ದಿನದ ತನಕ ಜೊತೆಗಿದ್ದವನೇ ಆಗಬೇಕು. ಆಮೇಲೆ ಇಬ್ಬರ ಹೆಸರು ಎಲ್ಲರ ಮುಂದೆ ಬರುತ್ತೆ. ಒಬ್ಬ ಮತ್ತೀಯ. ಇನ್ನೊಬ್ಬ ಯೋಸೇಫ, ಅವನನ್ನ ಬಾರ್ಸಬ ಅಂತಿದ್ದರು, ಯೂಸ್ತ ಅಂತಲೂ ಹೆಸರು. ಪ್ರಾರ್ಥನೆ ಮಾಡಿ ಚೀಟು ಹಾಕಿದ್ರು, ಮತ್ತೀಯನಿಗೆ ಬಂತು.

ಲೂಕ ಮತ್ತೀಯನ ಹೆಸರೊಂದೇ ಬರೆದು ಮುಂದೆ ಹೋಗಬಹುದಿತ್ತು. ಆದ್ರೆ ಆಯ್ಕೆಯಾಗದವನ ಮೂರೂ ಹೆಸರು ಬರೆದಿಟ್ಟ. ಆಯ್ಕೆಯಾದವನಿಗಿಂತ ಇವನ ಪರಿಚಯವೇ ಉದ್ದ! ಚೀಟು ಬರದೇ ಇದ್ದದ್ದು ಕಳಂಕ ಅಂತ ಲೂಕನಿಗೆ ಅನ್ನಿಸಿದ್ರೆ ಹೀಗೆ ಬರೀತಿದ್ನಾ?

6ನೇ ಅಧ್ಯಾಯದಲ್ಲಿ ವಿಧವೆಯರ ಊಟದ ವಿಷಯಕ್ಕೆ ಗುಣುಗುಟ್ಟುವಿಕೆ ಎದ್ದಾಗ ಅಪೊಸ್ತಲರು ಸಭೆಯವರಿಗೇ ಹೇಳಿದ್ರು, ಒಳ್ಳೆ ಸಾಕ್ಷಿ ಇರೋ ಏಳು ಜನರನ್ನ ನೋಡಿ ಅಂತ. ಯಾರ ಬಗ್ಗೆ ಅಂತಲೇ ಗೊತ್ತಿಲ್ಲದಿದ್ರೆ ಸಾಕ್ಷಿ ಹೇಗೆ ಕೊಡ್ತೀರಿ?

ನನ್ನ ವಿಷಯ ಹೇಳ್ತೀನಿ. ನನಗಾಗ 24 ವರ್ಷ. ನಾನು ಹೋಗ್ತಿದ್ದ ಸಭೆಯಲ್ಲಿ ಒಂದು ಜವಾಬ್ದಾರಿಗೆ ನನ್ನ ಹೆಸರು ಒಳಗೊಳಗೇ ಬಂದು, ಒಳಗೊಳಗೇ ಹೋಯ್ತಂತೆ. ಸಾಲ ತಗೊಂಡು ತೀರಿಸಿಲ್ಲ ಅಂತ ಯಾರೋ ಹೇಳಿದ್ರಂತೆ. ಸಾಲ ಮಾಡಿದ್ದು ನನ್ನ ಹೆಸರಿನ ಇನ್ನೊಬ್ಬ ಹುಡುಗ! ನನಗೆ ಗೊತ್ತಾಗಿದ್ದು ಆರು ತಿಂಗಳ ಮೇಲೆ. ಕೆಲವರು ಕೈಕುಲುಕೋದು ಬಿಟ್ಟಿದ್ಯಾಕೆ ಅಂತ ಆಗ ಅರ್ಥ ಆಯ್ತು. ಆಯ್ಕೆ ಆಗದ್ದು ನೋವಾಗಲಿಲ್ಲ. ಒಂದು ಮಾತು ಕೇಳಲಿಲ್ಲವಲ್ಲ, ಅದು ನೋವಾಯ್ತು.

"ಸಮುವೇಲ ದಾವೀದನನ್ನ ಗುಟ್ಟಾಗಿ ಅಭಿಷೇಕಿಸಲಿಲ್ವಾ?" ಅಂತೀರಿ. ಹೌದು, ಸೌಲನಿಗೆ ಗೊತ್ತಾದ್ರೆ ಕೊಲ್ಲುವ ಭಯ ಇತ್ತು. ನಮ್ಮ ಸಭೆಯಲ್ಲಿ ಯಾರ ಕೈಲೂ ಈಟಿ ಇಲ್ಲ. ನಾಲಿಗೆ ಇದೆ, ಅದು ಬೇರೆ ವಿಷಯ.

ಹಾಗಾಗಿ ಹಿರಿಯರು ಹೀಗೆ ಮಾಡ್ತೀವಿ. ಮೊದಲು ಅವರವರನ್ನೇ ಕೇಳ್ತೀವಿ. ಬೇಡ ಅಂದ್ರೆ ಆ ಹೆಸರು ಹೊರಗೆ ಬರಲ್ಲ. ಒಪ್ಪಿದವರ ಹೆಸರು ಬರೋ ಭಾನುವಾರ ಇಲ್ಲೇ ಓದ್ತೀವಿ. ದೂರು ಇದ್ರೆ ಗ್ರೂಪಲ್ಲಿ ಹಾಕಬೇಡಿ, ನಮ್ಮ ಹತ್ರ ಬನ್ನಿ. ಅವರನ್ನ ಕರೆಸಿ, ಅವರ ಉತ್ತರವನ್ನೂ ಕೇಳ್ತೀವಿ. ಹಿರಿಯನ ಮೇಲಿನ ದೂರಿಗೆ ಇಬ್ಬರು ಮೂವರು ಸಾಕ್ಷಿ ಬೇಕು ಅಂತ ಪೌಲ ತಿಮೊಥೆಯನಿಗೆ ಬರೆದಿದ್ದಾನೆ. ಯುವಕರಿಗೂ ಅಷ್ಟು ನ್ಯಾಯ ಸಿಗಲಿ. ಯಾಕೆ ಆಯ್ಕೆ ಆಗಲಿಲ್ಲ ಅನ್ನೋದನ್ನ ಮಾತ್ರ ಅವರೊಬ್ಬರಿಗೇ ಹೇಳ್ತೀವಿ.

ಆಯ್ಕೆ ಆಗದವರ ಹತ್ರ ಹೋಗಿ "ಪರವಾಗಿಲ್ಲ ಬಿಡಿ ಬ್ರದರ್" ಅಂತ ಕನಿಕರದ ಮುಖ ಮಾಡಬೇಡಿ. ಶನಿವಾರ ಅವರ ಜೊತೆ ಬಂದು ಕುರ್ಚಿ ಜೋಡಿಸಿ.

ಎದ್ದು ನಿಲ್ಲಿ, ಪ್ರಾರ್ಥಿಸೋಣ.